ಏನಂತ ಕರೆಯಲಿ ನಿಮ್ಮನ್ನ?

ಪ್ರತಿ ತಿಂಗಳ 9ನೇ ತಾರೀಖು ನಮ್ಮ ಆಸ್ಪತ್ರೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದು ಗರ್ಭಿಣಿಯರ ಉಚಿತ ತಪಾಸಣೆಯ ದಿನ. 2016ರಿಂದ ದೇಶದ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಹೀಗೇ ನಡೆಯುತ್ತಿದೆ. ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ರಕ್ತ ಕೊಡುವ ಮೊದಲು ಬಸುರಿಯರೆಲ್ಲ ಒಮ್ಮೆ ನನ್ನ ರೂಮಿಗೆ ಬಂದೇ ಹೋಗಬೇಕು.

ಅಂಥ ಒಂದು ದಿನ ಮಧ್ಯಾಹ್ನ ಎರಡೂವರೆ ಆಗಿತ್ತು. ಕ್ಯೂ ಕರಗಿತ್ತು. ಊಟದ ಡಬ್ಬಿ ತೆಗೆಯೋಣ ಅಂತಿದ್ದೆ. ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಚೆಕ್ಸ್ ಶರ್ಟು, ಅದರ ಮೇಲೆ ಆ ಬಿಸಿಲಲ್ಲೂ ಒಂದು ದೊಗಲೆ ಜರ್ಕಿನ್. ಗಲ್ಲದ ಮೇಲೆ ಕುರುಚಲು ಗಡ್ಡ. ಕೈಯಲ್ಲಿ ತಾಯಿ ಕಾರ್ಡ್.

"ನಿಮ್ಮ ಮಿಸೆಸ್ ಎಲ್ಲಿ? ಅವರನ್ನ ಕಳಿಸಿ, ನೀವು ಆಚೆ ಕೂತಿರಿ" ಅಂದೆ.

ಅವರು ಅಲ್ಲಾಡಲಿಲ್ಲ. "ನಾನೇ ಮೇಡಂ" ಅಂದರು.

"ಕಾರ್ಡ್ ಯಾರದ್ದು?"

"ನಂದೇ."

ಕಾರ್ಡ್ ತಗೊಂಡು ನೋಡಿದೆ. ಅದರಲ್ಲಿ ಹೆಣ್ಣು ಹೆಸರಿತ್ತು. ಮುಖ ನೋಡಿದೆ, ಮತ್ತೆ ಕಾರ್ಡ್ ನೋಡಿದೆ. ಆಮೇಲೆ ಎದ್ದು ಬಾಗಿಲು ಹಾಕಿದೆ. ಇಷ್ಟೂ ಹೊತ್ತು ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ನಾನು ನಗುತ್ತೇನಾ, ಬೈಯುತ್ತೇನಾ, ಇನ್ನೊಬ್ಬರನ್ನು ಕರೆದು ತೋರಿಸುತ್ತೇನಾ ಅಂತ. ಹನ್ನೊಂದು ವರ್ಷದ ಕೆಲಸದಲ್ಲಿ ಅಷ್ಟು ಹೆದರಿದ ಕಣ್ಣನ್ನು ನಾನು ಕಂಡಿದ್ದು ಕಡಿಮೆ.

ಗುರುತು ಸಿಗಬಾರದು ಅಂತ ಊರು, ಕೆಲಸ, ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಿರಿ ಅಂತ ಅವರೇ ಒಪ್ಪಿದ್ದಾರೆ. ಇಲ್ಲಿ ಅವರನ್ನು ಮಂಜು ಅಂತ ಕರೆಯುತ್ತೇನೆ. ನಮ್ಮ ಕಡೆ ಮಂಜುನಾಥನೂ ಮಂಜುವೇ, ಮಂಜುಳಾನೂ ಮಂಜುವೇ. ಅದಕ್ಕೇ ಆ ಹೆಸರು ಆರಿಸಿಕೊಂಡೆ.

ಮಂಜುಗೆ ಆಗ 28 ವರ್ಷ. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಹುಟ್ಟಿದಾಗ ಹೆಣ್ಣು ಮಗು ಅಂತ ಬರೆಸಿದ್ದರು. ಪಿಯುಸಿ ಹೊತ್ತಿಗೆ ತಾನು ಗಂಡು ಅಂತ ಅವರಿಗೆ ಗೊತ್ತಾಗಿತ್ತು. ಟ್ರಾನ್ಸ್ ಪುರುಷ ಅನ್ನುವ ಪದ ಸಿಕ್ಕಿದ್ದು ಆಮೇಲೆ. ಎರಡು ವರ್ಷ ಬೆಂಗಳೂರಿಗೆ ಹೋಗಿ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನಿನ ಇಂಜೆಕ್ಷನ್ ತಗೊಂಡಿದ್ದರು. ದನಿ ಒಡೆದಿತ್ತು, ಗಡ್ಡ ಬಂದಿತ್ತು. ಎದೆಯ ಆಪರೇಶನ್ ಮಾಡಿಸಿರಲಿಲ್ಲ. ಅವರ ಸಂಗಾತಿ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಮಗು ಅಂತ ಬರೆಸಿದ್ದ ಹೆಣ್ಣು. ಅವರನ್ನು ಈ ಬರಹದಲ್ಲಿ "ಮನೆಯವರು" ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

2023ರ ಫೆಬ್ರವರಿಯಲ್ಲಿ ಕೇರಳದ ಕಲ್ಲಿಕೋಟೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ಟ್ರಾನ್ಸ್ ಪುರುಷ ಮಗು ಹೆತ್ತರು. ಆ ದಂಪತಿಯ ಫೋಟೋ ಎಲ್ಲ ಕಡೆ ಬಂದಿತ್ತು, ನೆನಪಿರಬಹುದು. ಆ ಫೋಟೋ ಮಂಜು ಫೋನಿನಲ್ಲೂ ಇತ್ತು. ಅದನ್ನು ನೋಡಿಯೇ ಇಬ್ಬರಿಗೂ ಆಸೆ ಹುಟ್ಟಿದ್ದು. ಬೆಂಗಳೂರಿನ ಡಾಕ್ಟರನ್ನು ಕೇಳಿ ಇಂಜೆಕ್ಷನ್ ನಿಲ್ಲಿಸಿದರು. ಮುಟ್ಟು ಮತ್ತೆ ಶುರುವಾಯಿತು. ಕೆಲವು ತಿಂಗಳಾದ ಮೇಲೆ ಗರ್ಭ ನಿಂತಿತು.

(ಇಲ್ಲಿ ಒಂದು ಮಾತು. ಈ ಇಂಜೆಕ್ಷನ್ ತಗೊಂಡರೆ ಮುಟ್ಟು ನಿಲ್ಲುತ್ತದೆ. ಆದರೆ ಅದು ಗರ್ಭನಿರೋಧಕ ಅಲ್ಲ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಹೊಟ್ಟೆಯಲ್ಲಿ ಮಗು ಇರುವಾಗ ಇಂಜೆಕ್ಷನ್ ತಗೊಂಡರೆ ಮಗುವಿಗೆ ತೊಂದರೆ. ಇದು ಗೊತ್ತಿಲ್ಲದೆ ಒದ್ದಾಡುವವರು ಇದ್ದಾರೆ.)

ಇಷ್ಟು ಆಸೆಪಟ್ಟು ಪಡೆದ ಗರ್ಭ. ಆದರೂ ಮಂಜು ನನ್ನ ಬಾಗಿಲಿಗೆ ಬಂದಾಗ ಆರನೇ ತಿಂಗಳು ನಡೆಯುತ್ತಿತ್ತು. ಅಲ್ಲಿಯವರೆಗೆ ಆಗಿದ್ದು ಒಂದೇ ಒಂದು ಸ್ಕ್ಯಾನಿಂಗ್. ಕಬ್ಬಿಣದ ಮಾತ್ರೆ ತಗೊಂಡಿರಲಿಲ್ಲ. ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್ ಆಗಿರಲಿಲ್ಲ. ಅವತ್ತು ರಕ್ತ ನೋಡಿದರೆ ಹಿಮೋಗ್ಲೋಬಿನ್ 8.4. ಗರ್ಭ ಹೊತ್ತವರಿಗೆ 11ಕ್ಕಿಂತ ಕಡಿಮೆ ಇರಬಾರದು.

"ಯಾಕೆ ಇಷ್ಟು ತಡ ಮಾಡಿದ್ರಿ?" ಅಂತ ಕೇಳಿದೆ.

ಸ್ಕ್ಯಾನಿಂಗ್ ಮಾಡಿಸಿದ ಕಡೆ ಏನಾಯಿತು ಅಂತ ಹೇಳಿದರು. ಹೆಸರು ಕೂಗಿದ್ದಾರೆ, ಆಧಾರ್‌ನಲ್ಲಿದ್ದ ಹೆಣ್ಣು ಹೆಸರು. ಇವರು ಎದ್ದಿದ್ದಾರೆ. ಕಾದು ಕೂತಿದ್ದ ಮೂವತ್ತು ಜನ ತಿರುಗಿ ನೋಡಿದ್ದಾರೆ. ಒಳಗಿದ್ದ ಹುಡುಗಿ ಆಚೆ ಬಂದು ಇನ್ನೊಬ್ಬಳಿಗೆ, "ಅದು ಬಂತು ನೋಡೇ" ಅಂದಿದ್ದಾಳೆ.

"ಅವನು ಅನ್ನದೇ ಇದ್ರೂ ಪರವಾಗಿಲ್ಲ ಮೇಡಂ, ಅವಳು ಅಂದಿದ್ರೂ ತಡ್ಕೋತಿದ್ದೆ. ಅದು ಅಂದ್ರು. ನನ್ನ ಹೊಟ್ಟೇಲಿ ಮಗು ಇತ್ತು."

ಆ ಮಾತು ಕೇಳಿದ ಮೇಲೆ ಊಟದ ಡಬ್ಬಿ ತೆರೆಯಲಿಲ್ಲ.

ನಾವು ಮಗುವಿಗೆ "ಅದು" ಅನ್ನುತ್ತೇವೆ. ಪಾಪು ಅಳ್ತಿದೆ, ಅದಕ್ಕೆ ಹಸಿವಾಗಿದೆ. ಅದರಲ್ಲಿ ಪ್ರೀತಿ ಇದೆ. ಅದೇ ಪದವನ್ನು ದೊಡ್ಡವರ ಮೇಲೆ ಎಸೆದರೆ ಅವರನ್ನು ಮನುಷ್ಯರ ಸಾಲಿನಿಂದಲೇ ಆಚೆ ಹಾಕಿದ ಹಾಗೆ. ಆ ಒಂದು ಪದಕ್ಕೆ ಹೆದರಿ ಒಬ್ಬರು ನಾಲ್ಕು ತಿಂಗಳು ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ರಕ್ತ 8.4ಕ್ಕೆ ಇಳಿಯಿತು. ಮಾತು ಅಂದರೆ ಬರೀ ಮರ್ಯಾದೆ ವಿಷಯ ಅಲ್ಲ, ಆರೋಗ್ಯದ ವಿಷಯ ಕೂಡ ಅಂತ ನಾನು ಹೇಳುವುದು ಇದಕ್ಕೇ.

ಅವರ ಬೀದಿಯ ಆಶಾ ಕಾರ್ಯಕರ್ತೆ ಇಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು. ಆಕೆಗೆ ಹೇಗೋ ಅನುಮಾನ ಬಂದಿದೆ. ಮನೆಗೆ ಹೋಗಿ, ಏನೂ ಕೇಳದೆ, "ಕಾರ್ಡ್ ಮಾಡಿಸೋಣ, ನಾನು ಜೊತೆಗೆ ಬರ್ತೀನಿ" ಅಂದಿದ್ದಾರೆ. ಅಷ್ಟೇ. ನನಗಿಂತ ಚೆನ್ನಾಗಿ ಆಪ್ತಸಮಾಲೋಚನೆ ಮಾಡಿದ್ದು ಆಕೆಯೇ.

ಆ ದಿನ ನಾನು ಮಂಜುಗೆ ಕೇಳಿದ ಮೊದಲ ಸರಿಯಾದ ಪ್ರಶ್ನೆ ಇದು: "ಏನಂತ ಕರೆಯಲಿ ನಿಮ್ಮನ್ನ?"

"ಮಂಜು ಅಂತ. ಅವರು-ನೀವು ಅಂದ್ರೆ ಸಾಕು."

"ಪಾಪುಗೆ ನೀವು ಏನಾಗಬೇಕು?"

ಸ್ವಲ್ಪ ಹೊತ್ತು ಸುಮ್ನೆ ಕೂತರು. ಆರು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಅಂತ ಕಾಣುತ್ತೆ. "ಅಪ್ಪ" ಅಂದರು. "ಹಡೆಯೋ ಅಪ್ಪ. ಅವಳು ಅಮ್ಮ."

ನಾನು ಒಂದು ಹಾಳೆ ತಗೊಂಡೆ. ಮುಂದಿನ ಮೂರು ತಿಂಗಳು ಆಸ್ಪತ್ರೆಯಲ್ಲಿ ಅವರ ಕಿವಿಗೆ ಬೀಳಬಹುದಾದ ಪದಗಳನ್ನೆಲ್ಲ ಬರೆಯುತ್ತಾ ಹೋದೆ. ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಕೇಳಿದೆ. ನಾನು ಅಂದುಕೊಂಡ ಹಾಗೆ ಇರಲಿಲ್ಲ ಅವರ ಉತ್ತರ. ಗರ್ಭಕೋಶ ಅಂದರೆ ನೋವಾಗುತ್ತೇನೋ ಅಂತ ನಾನು ಅನುಮಾನಿಸಿದೆ. "ಅದು ಅಂಗದ ಹೆಸರು ಮೇಡಂ, ಕಿಡ್ನಿ ಅಂದ ಹಾಗೆ. ಧಾರಾಳವಾಗಿ ಅನ್ನಿ" ಅಂದರು. ಬಸುರಿ ಬೇಡ, ಗರ್ಭಿಣಿ ಬೇಡ. "ಹೊಟ್ಟೇಲಿ ಮಗು ಇದೆ" ಅಂದರೆ ಸಾಕು. ಹೆರಿಗೆ ಅನ್ನೋ ಪದ ಆಗುತ್ತೆ. ಬಾಣಂತಿ ಬೇಡ, ಬಾಣಂತನ ಪರವಾಗಿಲ್ಲ. ಮೊಲೆ, ಸ್ತನ ಎರಡೂ ಬೇಡ. ಎದೆ ಅನ್ನಿ.

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗಲೆಲ್ಲ ನಮ್ಮ ಭಾಷೆಯ ಮೇಲೆ ಪ್ರೀತಿ ಉಕ್ಕುತ್ತದೆ. ಇಂಗ್ಲಿಷಿನವರು ಎದೆಹಾಲಿಗೆ ಹೊಸ ಪದ ಹುಡುಕಿ ಜಗಳ ಆಡುತ್ತಿದ್ದಾರೆ. ನಮ್ಮಲ್ಲಿ ಎದೆ ಅನ್ನುವುದು ಗಂಡಿಗೂ ಇದೆ, ಹೆಣ್ಣಿಗೂ ಇದೆ. ಎದೆಹಾಲು ಅಂತಲೇ ನಮ್ಮ ಅಜ್ಜಿಯರೂ ಅಂದರು, ಅಂಗನವಾಡಿ ಗೋಡೆ ಮೇಲೂ ಅದೇ ಇದೆ. ಅಪ್ಪ-ಅಮ್ಮ ಇಬ್ಬರಿಗೂ ಸೇರಿ ಹೆತ್ತವರು ಅಂತೀವಿ, ಹೆರುವುದು ಒಬ್ಬರೇ ಆದರೂ. ಗಂಡನಿಗೂ ಹೆಂಡತಿಗೂ "ನಮ್ಮ ಮನೆಯವರು" ಅಂತೀವಿ. ಅದಕ್ಕೇ ಮಂಜು ಸಂಗಾತಿಗೆ ನಾನು ಆ ಪದ ಇಟ್ಟುಕೊಂಡಿದ್ದು. "ಅವರು ಬಂದರು" ಅಂದರೆ ಗಂಡೋ ಹೆಣ್ಣೋ ಯಾರಿಗೂ ತಿಳಿಯುವುದಿಲ್ಲ, ಮರ್ಯಾದೆ ಒಂದೇ ತಿಳಿಯುವುದು. ಹೊಸ ಪದ ಕಟ್ಟುವ ಕಷ್ಟ ನಮಗೆ ಇಲ್ಲವೇ ಇಲ್ಲ. ಇರುವ ಪದಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವ ಗಮನ ಬೇಕು, ಅಷ್ಟೇ.

ಆದರೆ ಒಂದು ವಿಷಯದಲ್ಲಿ ನಾನು ಮಂಜು ಮಾತಿಗೆ ಒಪ್ಪಲಿಲ್ಲ.

ಕೇಸ್ ಶೀಟಿನಲ್ಲಿ ಗಂಡು ಅಂತ ಬರೆದು, ಉಳಿದಿದ್ದನ್ನು ಡಾಕ್ಟರಿಗೆ ಮಾತ್ರ ಬಾಯಲ್ಲಿ ಹೇಳಿಬಿಡಿ ಅಂತ ಕೇಳಿದರು. ಬೇಡ ಅಂದೆ. 2019ರಲ್ಲಿ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಕರಣವನ್ನು ಅವರಿಗೆ ಹೇಳಿದೆ. 32 ವರ್ಷದ ಟ್ರಾನ್ಸ್ ಪುರುಷರೊಬ್ಬರು ಹೊಟ್ಟೆನೋವು ಅಂತ ತುರ್ತು ವಿಭಾಗಕ್ಕೆ ಬರುತ್ತಾರೆ. ದಾಖಲೆಯಲ್ಲಿ ಗಂಡು ಅಂತಿದೆ. ಅವಸರ ಇಲ್ಲದ ಕೇಸು ಅಂತ ಕೂರಿಸುತ್ತಾರೆ. ಅವರು ಗರ್ಭ ಹೊತ್ತಿದ್ದಾರೆ, ಹೆರಿಗೆ ನೋವು ಅದು ಅಂತ ಗೊತ್ತಾಗುವ ಹೊತ್ತಿಗೆ ಗಂಟೆಗಳು ಕಳೆದಿದ್ದವು. ಮಗು ಸತ್ತು ಹುಟ್ಟಿತು.

ಮಂಜು ಜರ್ಕಿನ್ ಮೇಲೆ ಕೈ ಇಟ್ಟುಕೊಂಡರು.

"ಕರೆಯುವುದು ನಿಮ್ಮ ಇಷ್ಟದ ಹಾಗೆ. ಆದರೆ ನಿಮ್ಮ ಮೈಯೊಳಗೆ ಏನಿದೆ ಅನ್ನೋದು ಡ್ಯೂಟಿ ಬದಲಾದಾಗ ಬರೋ ಹೊಸ ಸಿಸ್ಟರ್‌ಗೂ ಒಂದೇ ನೋಟಕ್ಕೆ ಗೊತ್ತಾಗಬೇಕು" ಅಂದೆ. ಕೊನೆಗೆ ಹೀಗೆ ಮಾಡಿದೆವು. ಕೇಸ್ ಶೀಟಿನ ನೆತ್ತಿ ಮೇಲೆ ಮಂಜು ಅಂತ ದೊಡ್ಡದಾಗಿ. ಕೆಳಗೆ ಆವರಣದಲ್ಲಿ ಆಧಾರ್‌ನಲ್ಲಿರುವ ಹೆಸರು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ "ಗರ್ಭ ಇದೆ", ಎಷ್ಟು ವಾರ, ರಕ್ತ ಎಷ್ಟು. ಮಾತಿನ ಮರ್ಯಾದೆಗಾಗಿ ವೈದ್ಯರಿಗೆ ಬೇಕಾದ ಸತ್ಯವನ್ನು ಮುಚ್ಚಬಾರದು. ಸತ್ಯ ಬರೆಯುವ ನೆಪದಲ್ಲಿ ಮನುಷ್ಯರನ್ನು ನೋಯಿಸಲೂ ಬಾರದು. ಎರಡೂ ಒಂದೇ ಹಾಳೆಯಲ್ಲಿ ಹಿಡಿಸುತ್ತವೆ.

ಮುಂದಿನ ಕೆಲಸ ನಮ್ಮವರನ್ನು ಒಪ್ಪಿಸುವುದು. ಮಂಜು ಒಪ್ಪಿಗೆ ತಗೊಂಡೇ ತಿಂಗಳ ಮೀಟಿಂಗಿನಲ್ಲಿ ಮಾತು ಎತ್ತಿದೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ. ಇಪ್ಪತ್ತೈದು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದಾರೆ. ಅವರಿಗೆ ಸಿಟ್ಟು ಬಂತು.

"ತಾಯಿ ಅನ್ನೋ ಮಾತೇ ಬೇಡ ಅಂತೀರಾ ಮೇಡಂ? ಹತ್ತು ವರ್ಷ ದೇವಸ್ಥಾನ ಸುತ್ತಿ ಬಸುರಿ ಆಗಿರ್ತಾಳೆ. ತಾಯಿ ಅಂತ ಕರೆಸ್ಕೊಳ್ಳೋದಕ್ಕೇ ಅವಳು ಕಾದಿರೋದು. ಅವಳಿಗೆ 'ಹೆರುವ ವ್ಯಕ್ತಿ' ಅನ್ಲಾ?"

ಅವರ ಸಿಟ್ಟು ನ್ಯಾಯವಾದದ್ದೇ. ನಮ್ಮ ಕಾರ್ಡಿನ ಹೆಸರು ತಾಯಿ ಕಾರ್ಡ್. ಅಂಗನವಾಡಿಯ ಬಿಸಿಯೂಟದ ಹೆಸರು ಮಾತೃಪೂರ್ಣ. ಸರ್ಕಾರದ ಯೋಜನೆಗಳ ಹೆಸರು ಜನನಿ ಸುರಕ್ಷಾ, ಮಾತೃ ವಂದನಾ. ಒಳ್ಳೆಯ ಹೆಸರುಗಳು. ಆ ಹೆಸರು ಕೇಳಿಯೇ ಎಷ್ಟೋ ಹೆಂಗಸರು ಇದು ತಮಗೆ ಅಂತ ಆಸ್ಪತ್ರೆಗೆ ಬಂದಿದ್ದಾರೆ. "ಗರ್ಭಧಾರಣಾ ಸಾಮರ್ಥ್ಯವುಳ್ಳ ವ್ಯಕ್ತಿಗಳು" ಅಂತ ಬೋರ್ಡ್ ಬರೆದರೆ ನಮ್ಮ ಹಳ್ಳಿಯ ಹೆಣ್ಣುಮಗಳು ಅದು ಯಾರಿಗೋ ಅಂತ ಮುಂದೆ ಹೋಗುತ್ತಾಳೆ. ಅಂಥ ಕಲ್ಲಿನಂಥ ಪದಗಳು ನನಗೂ ಬೇಡ.

ನಾನು ಸಿಸ್ಟರ್‌ಗೆ ಹೇಳಿದ್ದು ಇಷ್ಟೇ. ಯಾರಿಂದಲೂ ತಾಯಿ ಪದ ಕಿತ್ತುಕೊಳ್ಳುವುದು ಬೇಡ. ಅದರ ಪಕ್ಕದಲ್ಲಿ ಇನ್ನೊಬ್ಬರಿಗೆ ಕೂರಲು ಜಾಗ ಮಾಡೋಣ. 2021ರಲ್ಲಿ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ಹೊಸ ಪದಗಳನ್ನು ತಂದಾಗ ತಾಯಿ ಪದವನ್ನೇ ತೆಗೆದರು ಅಂತ ಪತ್ರಿಕೆಗಳಲ್ಲಿ ಗದ್ದಲ ಆಯಿತು. ನಿಜವಾಗಿ ತೆಗೆದಿರಲಿಲ್ಲ. ತಾಯಿ ಜೊತೆಗೆ ಇನ್ನೊಂದು ಪದ ಸೇರಿಸಿದ್ದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಒಂದು ತೀರ್ಪಿನಲ್ಲಿ ಗರ್ಭ ಹೊತ್ತ ವ್ಯಕ್ತಿ ಅನ್ನುವ ಅರ್ಥದ ಪದ ಬಳಸಿ, ಹೆಂಗಸರ ಜೊತೆಗೆ ಟ್ರಾನ್ಸ್ ಪುರುಷರಿಗೂ ಬೇರೆ ಕೆಲವರಿಗೂ ಗರ್ಭ ನಿಲ್ಲಬಹುದು ಅಂತ ಅಲ್ಲೇ ಬರೆದಿದೆ. ನಮ್ಮ ಆಡಳಿತ ವೈದ್ಯಾಧಿಕಾರಿಗೆ ಈ ಮಾತು ಹಿಡಿಸಿತು. ಅವರಿಗೆ ಕೋರ್ಟಿನ ಮಾತು ಬೇಕಿತ್ತು. ಸಿಸ್ಟರ್‌ಗೆ ಹಿಡಿಸಿದ್ದು ಬೇರೆ ಮಾತು.

ಅವರನ್ನು ಕೇಳಿದೆ: "ಹೋದ ತಿಂಗಳು ಒಂದು ಹುಡುಗಿ ಗಂಡನ ಹೆಸರು ಅಂದ ತಕ್ಷಣ ಅತ್ತಳಲ್ಲ, ನೆನಪಿದೆಯಾ?" ನೆನಪಿತ್ತು. ಐದು ತಿಂಗಳ ಗರ್ಭದಲ್ಲಿ ಗಂಡ ತೀರಿಹೋಗಿದ್ದ. ರಿಜಿಸ್ಟರಿನಲ್ಲಿ ಗಂಡನ ಹೆಸರು ಬರೆಯುವವರೆಗೂ ಸರಿ. "ಗಂಡ ಯಾಕೆ ಬಂದಿಲ್ಲ?" ಅಂತ ಮೂರು ಕೌಂಟರಿನಲ್ಲಿ ಮೂರು ಸಲ ಕೇಳಿದ್ದೆವು. ಮದುವೆಯಾಗದೆ ತಾಯಿಯಾಗುವವರು ಬರುತ್ತಾರೆ. ತಂದೆಯ ಹೆಸರು ಹೇಳು ಅಂತ ಅವರನ್ನು ಬಲವಂತ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಮಗು ಕಳಕೊಂಡವಳ ಹಾಸಿಗೆ ಹತ್ತಿರ ಹೋಗಿ "ಪಾಪುಗೆ ಹಾಲು ಕೊಟ್ರಾ?" ಅಂತ ಕೇಳಿದ ದಿನವೂ ಇದೆ. ಅವತ್ತು ಹಾಗೆ ಕೇಳಿದ್ದು ನಾನೇ. ಆಕೆ ಗೋಡೆ ಕಡೆ ತಿರುಗಿ ಮಲಗಿದಳು. ಆ ಬೆನ್ನು ಇವತ್ತಿಗೂ ಕಣ್ಣ ಮುಂದೆ ಇದೆ.

"ಗಂಡ ಬಂದಿಲ್ವಾ" ಬದಲು "ಜೊತೆಗೆ ಯಾರು ಬಂದಿದ್ದಾರೆ" ಅಂತ ಕೇಳಿದರೆ ಇವರೆಲ್ಲರಿಗೂ ಉತ್ತರ ಇರುತ್ತದೆ. ಗಂಡ ಬಂದವಳು ಗಂಡ ಅಂತಾಳೆ. ಅಮ್ಮ ಬಂದವಳು ಅಮ್ಮ ಅಂತಾಳೆ. ಯಾರಿಂದ ಏನೂ ಕಳೆಯುವುದಿಲ್ಲ, ಅಲ್ವಾ? ಸಿಸ್ಟರ್ ಪೆನ್ನಿನ ಟೋಪಿ ಹಾಕಿ ತೆಗೆದು ಮಾಡುತ್ತಾ ಕೂತಿದ್ದರು. "ಅಷ್ಟು ಮಾಡಬಹುದು" ಅಂದರು.

ಗೋಡೆಗೆ ಹೊಸ ಬೋರ್ಡ್ ಏನೂ ಬರಲಿಲ್ಲ. ಓಪಿಡಿಯಲ್ಲಿ ಹೆಸರಿನ ಜೊತೆ ಟೋಕನ್ ನಂಬರ್ ಕೂಗಲು ಶುರು ಮಾಡಿದೆವು. ಮಂಜು ಬರುವ ದಿನ ನಂಬರ್ ಮಾತ್ರ. ಅಟೆಂಡರ್‌ಗೆ ನಾನೇ ಹೇಳಿದೆ, ಹೆಂಗಸರ ಸಾಲಲ್ಲಿ ಗಂಡಸರ ಬಟ್ಟೆಯವರು ನಿಂತಿದ್ದರೆ ಗದರಬೇಡ, ಕಾರ್ಡ್ ಕೇಳು ಅಂತ. ಅವನು ಮೂರು ದಿನ ಮರೆತ. ನಾಲ್ಕನೇ ದಿನ ಅಭ್ಯಾಸವಾಯಿತು.

ಇನ್ನು ಮಂಜು ಅವರ ಅವ್ವ. ಹಳ್ಳಿಯಲ್ಲಿದ್ದರು. ನಾಲ್ಕು ವರ್ಷದಿಂದ ಮಾತಿಲ್ಲ. ಅವ್ವನಿಗೆ ಹೇಳುವುದು ಹೇಗೆ ಅನ್ನುವುದಕ್ಕೇ ನಮ್ಮ ಎರಡು ಭೇಟಿ ಹೋಯಿತು. ಟ್ರಾನ್ಸ್ ಅಂದರೆ ಏನು, ಹಾರ್ಮೋನ್ ಅಂದರೆ ಏನು ಅಂತೆಲ್ಲ ಪಾಠ ಮಾಡಲು ಹೋಗಬೇಡಿ ಅಂದೆ. "ಅವ್ವ, ನನ್ನ ಹೊಟ್ಟೇಲಿ ಮಗು ಇದೆ. ನೀನು ಬೇಕು" ಅಂತ ಎರಡೇ ಮಾತು ಹೇಳಿ. ಉಳಿದಿದ್ದು ಅವರು ಕೇಳಿದಾಗ.

ಅವ್ವ ಎಂಟನೇ ತಿಂಗಳಲ್ಲಿ ಬಂದರು. ಕೈಯಲ್ಲಿ ರಾಗಿಹಿಟ್ಟಿನ ಚೀಲ, ಒಂದು ಡಬ್ಬಿ ತುಪ್ಪ. ನನ್ನ ರೂಮಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಗಡ್ಡದ ಕಡೆ ನೋಡಲಿಲ್ಲ. ಹೊಟ್ಟೆಯನ್ನೇ ನೋಡಿದರು. ನಾನು ಹೆಸರಿನ ವಿಷಯ, ಕರೆಯುವ ವಿಷಯ ನಿಧಾನವಾಗಿ ಹೇಳತೊಡಗಿದೆ. ಅವರು ಅರ್ಧಕ್ಕೇ ತಡೆದರು.

"ನಾನು ಹುಟ್ಟಿದಾಗಿಂದ ಮಗಾ ಅಂತಲೇ ಕರೆಯೋದು ಕಣವ್ವ. ಅದಕ್ಕೇನು ಹೊಸದಾಗಿ ಹೇಳ್ಕೊಡ್ತೀಯ?"

ನಿಜ. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಬಾ ಮಗಾ ಅಂತೀವಿ. ಅವ್ವನಿಗೆ ಗೊತ್ತಿಲ್ಲದೇ ಸರಿಯಾದ ಪದ ಮೊದಲಿಂದ ಅವರ ಬಾಯಲ್ಲಿತ್ತು. ಆಮೇಲೆ ಅಂದರು: "ಗಂಡಾಗಿರ್ಲಿ ಹೆಣ್ಣಾಗಿರ್ಲಿ, ಹಡೆದ ಮೈ ಹಸಿ ಮೈ. ಬಾಣಂತನ ನಾನೇ ಮಾಡ್ತೀನಿ." ಸೊಸೆ ಕಡೆ ತಿರುಗಲಿಲ್ಲ ಅವತ್ತು. ಅದಕ್ಕೆ ಇನ್ನೂ ಟೈಮ್ ಬೇಕಿತ್ತು. ಎಲ್ಲವೂ ಒಂದೇ ದಿನ ಸರಿಹೋಗಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ.

ಹೆರಿಗೆ ದಿನ ಕಷ್ಟವಾಗಿದ್ದು ಮನೆಯವರಿಗೆ. ಹೆರಿಗೆ ಕೋಣೆಗೆ ಜೊತೆಗೊಬ್ಬರನ್ನು ಬಿಡಬಹುದು ಅಂತ 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಆದರೆ ಹೆಣ್ಣು ಸಂಬಂಧಿ ಆಗಬೇಕು, ಮರೆಯ ವ್ಯವಸ್ಥೆ ಇರುವ ಕಡೆ ಮಾತ್ರ ಗಂಡನನ್ನು ಬಿಡಬಹುದು ಅಂತ ಇದೆ. ಅವರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಇನ್ನಿಬ್ಬರು ಹೆಂಗಸರು ನೋವಿನಲ್ಲಿದ್ದಾರೆ. ಅವರ ಮರೆಯನ್ನೂ ನೋಡಬೇಕು. ಇದಕ್ಕೆ ಮೊದಲೇ ಒಂದು ದಾರಿ ಮಾಡಿಟ್ಟಿದ್ದೆವು. ಕೊನೆಯ ಮಂಚಕ್ಕೆ ಪರದೆ ಕಟ್ಟಿಸಿದ್ದೆವು. ಆ ಇಬ್ಬರು ಹೆಂಗಸರನ್ನು ಸಿಸ್ಟರೇ ಹೋಗಿ ಕೇಳಿದರು. ಒಬ್ಬರು ನೋವಿನ ನಡುವೆಯೇ "ಬರ್ಲಿ ಬಿಡಿ ಪಾಪ" ಅಂದರಂತೆ. ಇನ್ನೊಬ್ಬರು ಬೇಡ ಅಂದರು. ಅವರ ಮಂಚಕ್ಕೂ ಒಂದು ಪರದೆ ಎಳೆದರು. ಮನೆಯವರು ಒಳಗೆ ಹೋದರು.

ಬೆಳಗಿನ ಜಾವ ನಾಲ್ಕಕ್ಕೆ ಮಗು. 2 ಕೆಜಿ 200 ಗ್ರಾಂ. ಎರಡೂವರೆ ಕೆಜಿಗಿಂತ ಕಡಿಮೆ ಇದ್ದುದರಿಂದ ಮೈಗೆ ಮೈ ತಾಗಿಸಿ ಎದೆ ಮೇಲೆ ಇಟ್ಟುಕೊಳ್ಳಬೇಕು. ಕಾಂಗರೂ ಆರೈಕೆ ಅಂತಾರಲ್ಲ, ಅದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಗಿದ್ದು. ನಮ್ಮ ಚಾರ್ಟಿನಲ್ಲಿ ತಾಯಿಯ ಚಿತ್ರ ಮಾತ್ರ ಇದೆ. ಆದರೆ ಆ ಬಿಸುಪನ್ನು ಯಾರು ಬೇಕಾದರೂ ಕೊಡಬಹುದು, ಅಪ್ಪ, ಅಜ್ಜಿ, ಚಿಕ್ಕಮ್ಮ. ಮಂಜು ಸುಸ್ತಾಗಿ ಮಲಗಿದ್ದಾಗ ಮನೆಯವರು ಕುಪ್ಪಸ ಸಡಿಲಿಸಿ ಮಗುವನ್ನು ಎದೆಗೆ ಕಟ್ಟಿಕೊಂಡು ಎರಡು ಗಂಟೆ ಕದಲದೆ ಕೂತಿದ್ದರು.

ನಾನು ಎಂಟು ಗಂಟೆಗೆ ಹೋದೆ. ಮಗುವಿನ ಕಾಲಿಗೆ ಒಂದು ಪಟ್ಟಿ ಕಟ್ಟಿದ್ದರು. ಬೆರಳಿನಷ್ಟು ಅಗಲದ ಬಿಳಿ ಪ್ಲಾಸ್ಟರ್, ಅದರ ಮೇಲೆ ನೀಲಿ ಪೆನ್ನು. ಯಾವಾಗಲೂ "ಬೇಬಿ ಆಫ್" ಅಂತ ಬರೆದು ಮುಂದೆ ಕಾರ್ಡಿನಲ್ಲಿರುವ ಹೆಸರು ಬರೆಯುತ್ತಾರೆ. ಕಾಲು ಮೆಲ್ಲಗೆ ತಿರುಗಿಸಿ ಓದಿದೆ. ಬೇಬಿ ಆಫ್ ಮಂಜು. ಕೆಳಗೆ ಕೇಸ್ ಶೀಟಿನ ನಂಬರ್, ತಪ್ಪಾಗದ ಹಾಗೆ. ಅಕ್ಷರ ಹಿರಿಯ ಸಿಸ್ಟರದ್ದು. ಅವರು ರಾತ್ರಿ ಡ್ಯೂಟಿ ಮುಗಿಸಿ ಮನೆಗೆ ಹೋಗಿಯಾಗಿತ್ತು.

ಹಾಲಿನ ವಿಷಯಕ್ಕೆ ಒಂದು ವಾರ ಒದ್ದಾಡಿದೆವು. ಆರು ತಿಂಗಳು ಎದೆಹಾಲೊಂದೇ ಸಾಕು ಅಂತ ನಾವು ಎಲ್ಲರಿಗೂ ಹೇಳುತ್ತೇವೆ. ಮಂಜುಗೂ ಕೊಡುವ ಮನಸ್ಸಿತ್ತು. ಆದರೆ ವರ್ಷಗಟ್ಟಲೆ ಎದೆಯನ್ನು ಬಿಗಿದು ಕಟ್ಟಿ ಮರೆಮಾಡಿದವರು. ಈಗ ಅದೇ ಎದೆ ತುಂಬಿ ಸೋರುತ್ತಿದೆ. "ಹಾಲು ಬರೋವಾಗ ಕಟ್ಟಬೇಡಿ. ಕಟ್ಟಿದ್ರೆ ಒಳಗೆ ಗಡ್ಡೆ ಆಗುತ್ತೆ, ಜ್ವರ ಬರುತ್ತೆ" ಅಂತ ನಾನು, ಸಿಸ್ಟರ್, ಅವ್ವ ಮೂವರೂ ಹೇಳಿದೆವು. ಅವರಿಗೆ ಒಂದು ಮಾತು ಸ್ಪಷ್ಟ ಮಾಡಿದೆ. ಕೊಟ್ಟರೆ ಮಗುವಿಗೆ ಒಳ್ಳೆಯದು. ಆದರೆ ನಿಮ್ಮ ಮನಸ್ಸು ಮುರಿದು ಬೀಳುವ ಹಾಗಿದ್ದರೆ ಹಿಂಡಿ ತೆಗೆದು ಬಟ್ಟಲಿನಲ್ಲಿ ಕುಡಿಸುವ ದಾರಿ ಇದೆ, ಅದೂ ಆಗದಿದ್ದರೆ ಡಾಕ್ಟರ್ ಬೇರೆ ದಾರಿ ಹೇಳುತ್ತಾರೆ. ಯಾವುದು ಆರಿಸಿದರೂ ನಾವು ಯಾರೂ ಬೈಯುವುದಿಲ್ಲ. ಈ ಮಾತನ್ನು ಹಾಲು ಸಾಲದೆ ಅಳುವ ಎಲ್ಲ ತಾಯಂದಿರಿಗೂ ನಾವು ಹೇಳಬೇಕು. ಹೇಳುವುದು ಕಡಿಮೆ. ಮಂಜು ಪರದೆ ಹಿಂದೆ, ಗೋಡೆಗೆ ಮುಖ ಮಾಡಿ ಕುಡಿಸಿದರು. ಮೂರನೇ ವಾರದ ಹೊತ್ತಿಗೆ ಹಗಲು ಹಿಂಡಿ ಇಟ್ಟು, ರಾತ್ರಿ ಎದೆಗೆ ಹಾಕಿಕೊಳ್ಳುವ ರೂಢಿ ಮಾಡಿಕೊಂಡರು.

ಹುಟ್ಟಿನ ನೋಂದಣಿಯಲ್ಲಿ ಮಾತ್ರ ನಾವು ಗೆಲ್ಲಲಿಲ್ಲ. 21 ದಿನದೊಳಗೆ ಮಾಹಿತಿ ಹೋಗಬೇಕು. ಫಾರಂನಲ್ಲಿ ಎರಡೇ ಸಾಲು, ತಂದೆಯ ಹೆಸರು, ತಾಯಿಯ ಹೆಸರು. ಹಡೆದವರು ತಾಯಿ ಸಾಲಿಗೇ ಹೋಗಬೇಕು ಅಂದರು. 2023ರ ಅಕ್ಟೋಬರ್‌ನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಅದನ್ನು ತಡ ಮಾಡಬೇಡಿ ಅಂತ ನಾನೇ ಸಲಹೆ ಕೊಟ್ಟೆ. ಮಂಜು ಸಹಿ ಹಾಕಿದರು. ಹಾಕುವಾಗ ಕೈ ನಡುಗುತ್ತಿತ್ತು. ಕಲ್ಲಿಕೋಟೆಯ ಆ ದಂಪತಿ ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್, ತಂದೆ ತಾಯಿ ಅನ್ನದೆ ಇಬ್ಬರನ್ನೂ ಪೋಷಕರು ಅಂತ ಬರೆದು ಪ್ರಮಾಣಪತ್ರ ಕೊಡಿ ಅಂತ ಹೇಳಿತು. ಆ ಸುದ್ದಿ ಬಂದ ದಿನ ಮಂಜುಗೆ ನಾನೇ ಫೋನ್ ಮಾಡಿದೆ. ಅದು ಕೇರಳದ ಆದೇಶ, ಇಲ್ಲಿ ತಾನಾಗಿ ಅನ್ವಯಿಸುವುದಿಲ್ಲ ಅಂತಲೂ ಹೇಳಿದೆ. ಸುಮ್ನೆ ಆಸೆ ಹುಟ್ಟಿಸುವುದು ತಪ್ಪು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಕೇಳಿ ಅಂತ ವಿಳಾಸ ಕೊಟ್ಟೆ. ಅರ್ಜಿ ಹಾಕಿದ್ದಾರೆ.

ಆರು ವಾರ ತುಂಬಿದಾಗ ಲಸಿಕೆಗೆ ಬಂದ ದಿನದ ಬಗ್ಗೆ ಹೇಳಬೇಕು. ಗುರುವಾರ, ಲಸಿಕೆ ದಿನ. ಅವತ್ತು ಡ್ಯೂಟಿಗೆ ಹೊಸ ಹುಡುಗಿ ಬಂದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕಾರ್ಡ್ ನೋಡಿ ತಲೆ ಎತ್ತಿ, "ಮಂಜು ಅವರ ಪಾಪು, ಮನೆಯವರು ಬನ್ನಿ" ಅಂದಳು. ಮೂವರೂ ಎದ್ದರು. ಅವ್ವನ ಕಂಕುಳಲ್ಲಿ ಮಗು, ಪಕ್ಕದಲ್ಲಿ ಸೊಸೆ ಬಟ್ಟೆ ಚೀಲ ಹಿಡಿದು. ಸೂಜಿ ಚುಚ್ಚಿದಾಗ ಮಗು ಕಿರುಚಿಕೊಂಡಿತು. ಅವ್ವ ಅದನ್ನು ಎತ್ತಿ ಮಂಜು ಕೈಗೆ ಕೊಟ್ಟು, "ಹೋಗು, ಅಪ್ಪನ ಹತ್ರ ಹೋಗು" ಅಂದರು.

ಆಮೇಲೆ ಮಂಜು ನನ್ನ ರೂಮಿಗೆ ಬಂದರು. ಹಿಮೋಗ್ಲೋಬಿನ್ 10.6 ಆಗಿತ್ತು. ಇಂಜೆಕ್ಷನ್ ಮತ್ತೆ ಯಾವಾಗ ಶುರು ಮಾಡಬಹುದು ಅಂತ ಕೇಳಿದರು. ಅದರಿಂದ ಹಾಲು ಕಡಿಮೆ ಆಗಬಹುದು, ಡಾಕ್ಟರ್ ಹತ್ತಿರ ಕೂತು ಮಾತಾಡದೆ ಶುರು ಮಾಡಬೇಡಿ ಅಂದೆ. ಬೆಂಗಳೂರಿಗೆ ಚೀಟಿ ಬರೆದುಕೊಟ್ಟೆ. ನೆತ್ತಿ ಮೇಲೆ ಹೆಸರು, ಕೆಳಗೆ ಕೆಂಪು ಪೆನ್ನಿನಲ್ಲಿ "ಹೆರಿಗೆಯಾಗಿ ಆರು ವಾರ, ಎದೆಹಾಲು ಕೊಡುತ್ತಿದ್ದಾರೆ". ಅವರು ಅದನ್ನು ಎರಡು ಸಲ ಓದಿ ಮಡಿಸಿ ಶರ್ಟಿನ ಜೇಬಿಗೆ ಇಟ್ಟುಕೊಂಡರು. ಅವತ್ತು ಜರ್ಕಿನ್ ಹಾಕಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಆಚೆಯಿಂದ ಅವ್ವ ಕೂಗಿದರು, "ಮಗಾ, ಬಾ."